ಲೆದರ್ ಸೋಫಾ ಕೊಳ್ಳುವ ಮುನ್ನ ಅದರ ಒಳಮೈ ನೋಡಿ

ನಮ್ಮ ಮನೆಗೆ ಮೊದಲ ಸಲ ಲೆದರ್ ಸೋಫಾ ತರುವಾಗ ನಾನು ಮಾಡಿದ ಪರೀಕ್ಷೆ ಎರಡೇ. ಮೂಗಿಟ್ಟು ವಾಸನೆ ನೋಡಿದೆ, ಕೈಯಾಡಿಸಿ ನೋಡಿದೆ. ಎರಡೂ ಸರಿ ಅನ್ನಿಸಿತು. ಅಂಗಡಿಯವರು "ಲೆದರ್ರೇ, ಅನುಮಾನ ಬೇಡ" ಅಂದರು. ಬಿಲ್ಲಿನಲ್ಲೂ ಲೆದರ್ ಸೋಫಾ ಅಂತಲೇ ಇತ್ತು. ಮೂರನೇ ವರ್ಷ, ಅಪ್ಪ ತಲೆ ಒರಗಿಸುತ್ತಿದ್ದ ಜಾಗದಲ್ಲಿ ಕಪ್ಪು ಚೂರುಗಳು ಏಳತೊಡಗಿದವು. ಮೊದಲು ಉಗುರಿನಷ್ಟು, ಆಮೇಲೆ ಅಂಗೈಯಗಲ. ಅಪ್ಪನ ಅಂಗಿಯ ಕಾಲರಿಗೆಲ್ಲ ಅಂಟುತ್ತಿದ್ದವು. ಸಿಪ್ಪೆ ಎದ್ದ ಕಡೆ ಒಳಗಿನಿಂದ ಇಣುಕಿದ್ದು ಬಟ್ಟೆಯ ನೆಯ್ಗೆ. ನಿಜವಾದ ಚರ್ಮವಾಗಿದ್ದರೆ ಮೇಲ್ಪದರ ಸವೆದ ಮೇಲೂ ಚರ್ಮವೇ ಕಾಣಬೇಕಿತ್ತು, ಅಲ್ವಾ?

ಆಮೇಲೆ ತಿಳಿಯಿತು, ಅದು ಬಾಂಡೆಡ್ ಲೆದರ್, ಅಂದರೆ ಚರ್ಮದ ಪುಡಿಯನ್ನು ಪ್ಲಾಸ್ಟಿಕ್ ಜೊತೆ ಕಲಸಿ ಬಟ್ಟೆಯ ಮೇಲೆ ಒತ್ತಿದ್ದು. ಅಂದಿನಿಂದ ನೆಂಟರು, ಗೆಳೆಯರು ಯಾರಾದರೂ ಸೋಫಾ ನೋಡಲು ಕರೆದರೆ ನಾನು ಹೋಗುತ್ತೇನೆ. ನನ್ನಂತೆ ಅವರು ದುಡ್ಡು ಕಳೆದುಕೊಳ್ಳಬಾರದು ಅನ್ನುವುದೇ ಕಾರಣ. ಈಗ ನಾನು ಅಂಗಡಿಯಲ್ಲಿ "ಇದು ಲೆದರ್ರಾ?" ಅಂತ ಕೇಳುವುದಿಲ್ಲ. ಆ ಪ್ರಶ್ನೆಗೆ ಯಾವಾಗಲೂ "ಹೌದು" ಅನ್ನುವ ಉತ್ತರವೇ ಸಿಗುತ್ತದೆ. ಯಾವ ಯಾವ ಭಾಗದಲ್ಲಿ ಲೆದರ್ ಇದೆ, ಎಂಥ ಲೆದರ್, ಮಿಕ್ಕ ಕಡೆ ಏನು ಹಾಕಿದ್ದೀರಿ ಅಂತ ಕೇಳುತ್ತೇನೆ.

ಚರ್ಮದ ಪದರಗಳು

ದನ, ಎಮ್ಮೆಯ ಚರ್ಮ ಸೋಫಾಕ್ಕೆ ನೇರವಾಗಿ ಬಳಸಲಾಗದಷ್ಟು ದಪ್ಪ ಇರುತ್ತದೆ. ಅದನ್ನು ಹದ ಮಾಡುವಾಗ ಯಂತ್ರದಿಂದ ಅಡ್ಡಡ್ಡಲಾಗಿ ಸೀಳುತ್ತಾರೆ. ಕೂದಲಿದ್ದ ಬದಿಯ ಪದರದಲ್ಲಿ ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಗಟ್ಟಿತನ ಇರುವುದು ಅಲ್ಲೇ. ಕೆಳಗೆ ಹೋದ ಹಾಗೆ ಎಳೆಗಳು ಸಡಿಲ. ಸೋಫಾಕ್ಕೆ ಹಾಕುವ ಲೆದರ್ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತದೆ.

ಮೇಲಿನ ಪದರವನ್ನು ಉಜ್ಜದೆ ಹಾಗೇ ಬಿಟ್ಟರೆ ಅದು ಫುಲ್ ಗ್ರೇನ್. ಪ್ರಾಣಿಯ ಮೈಮೇಲಿದ್ದ ಗಾಯದ ಕಲೆ, ಹುಳ ಕಚ್ಚಿದ ಗುರುತು, ಕತ್ತಿನ ಸುಕ್ಕು ಎಲ್ಲ ಅದರಲ್ಲಿ ಕಾಣಬಹುದು. ಇವನ್ನು ದೋಷ ಅಂದುಕೊಂಡು ಬೇಡ ಅನ್ನುವವರಿದ್ದಾರೆ. ನನಗೆ ಅವೇ ಇಷ್ಟ. ಅದೇ ಪದರದ ಮೇಲ್ಮೈಯನ್ನು ಸ್ವಲ್ಪ ಉಜ್ಜಿ, ಬಣ್ಣ ಕೊಟ್ಟು, ಅಚ್ಚೊತ್ತಿ ಸಮ ಮಾಡಿದ್ದನ್ನು ಅಂಗಡಿಗಳಲ್ಲಿ ಟಾಪ್ ಗ್ರೇನ್ ಅಥವಾ ಕರೆಕ್ಟೆಡ್ ಗ್ರೇನ್ ಅನ್ನುತ್ತಾರೆ. ಇದು ಕಡಿಮೆ ದರ್ಜೆ ಅಂತ ದೂರ ಇಡಬೇಕಿಲ್ಲ. ದಿನಾ ಕೂತು ಏಳುವ ಮನೆಗೆ ಇದು ಬಹಳ ಒಳ್ಳೆಯ ಆಯ್ಕೆ.

ಕೆಳಗಿನ ಪದರದ ಹೆಸರು ಸ್ಪ್ಲಿಟ್. ಅದಕ್ಕೆ ತನ್ನದೇ ಆದ ನುಣುಪು ಮೇಲ್ಮೈ ಇಲ್ಲ. ಹಾಗಾಗಿ ಮೇಲೆ ಪಾಲಿಯುರೆಥೇನ್ ಪದರ ಹಚ್ಚಿ, ಚರ್ಮದ ರಂಧ್ರಗಳಂತೆ ಕಾಣುವ ಅಚ್ಚು ಒತ್ತುತ್ತಾರೆ. ಆ ಪ್ಲಾಸ್ಟಿಕ್ ಪದರ ದಪ್ಪಗಿದ್ದರೆ ಅದನ್ನು ಬೈಕಾಸ್ಟ್ ಅನ್ನುವುದುಂಟು. ಸ್ಪ್ಲಿಟ್ ಕೂಡ ಪ್ರಾಣಿಯ ಚರ್ಮವೇ. ಅದಕ್ಕೇ "ಜೆನ್ಯೂಯಿನ್ ಲೆದರ್" ಅಂತ ಬರೆದರೆ ಸುಳ್ಳಾಗುವುದಿಲ್ಲ. ಆದರೆ ಆ ಎರಡು ಪದ ನೋಡಿ "ಉತ್ತಮ ದರ್ಜೆ" ಅಂತ ನೀವು ಅರ್ಥ ಮಾಡಿಕೊಂಡರೆ ಮೋಸ ಹೋದಿರಿ ಅಂತಲೇ.

ಇನ್ನು ಬಾಂಡೆಡ್. ಲೆದರ್ ಕತ್ತರಿಸಿ ಉಳಿದ ಚೂರು, ಕೆರೆದ ಪುಡಿ ಎಲ್ಲವನ್ನೂ ಅರೆದು, ಅಂಟಿನಂಥ ಪ್ಲಾಸ್ಟಿಕ್ ಜೊತೆ ಕಲಸಿ, ಬಟ್ಟೆಯ ಮೇಲೆ ಹಾಳೆಯಂತೆ ಒತ್ತುತ್ತಾರೆ. ಮೇಲೆ ಬಣ್ಣ, ಅಚ್ಚು. ಸೋಫಾಕ್ಕೆ ಬಳಸುವ ಬಾಂಡೆಡ್‌ನಲ್ಲಿ ಎಷ್ಟೋ ಸಲ ಚರ್ಮದ ಪಾಲು ಐದರಲ್ಲಿ ಒಂದು ಭಾಗವೂ ಇರುವುದಿಲ್ಲ. ಇದ್ದ ಚರ್ಮವೂ ಪುಡಿಯಾಗಿರುವುದರಿಂದ ಎಳೆಗಳ ಹೆಣಿಗೆ ಉಳಿದಿರುವುದಿಲ್ಲ. ಚರ್ಮಕ್ಕೆ ಬಲ ಕೊಡುವುದೇ ಆ ಹೆಣಿಗೆ. ಈ ಪಟ್ಟಿಯಲ್ಲಿ ನಾನು ಯಾರಿಗೂ ಕೊಳ್ಳಲು ಹೇಳದ ಆಯ್ಕೆ ಇದೊಂದೇ.

ಪೂರ್ತಿ ಕೃತಕವಾದವುಗಳಲ್ಲಿ ಮುಖ್ಯವಾಗಿ ಮೂರಿವೆ. ಪಿವಿಸಿ ಲೇಪಿಸಿದ ಬಟ್ಟೆ ಒಂದು. ನಾನು ಇಲ್ಲಿ ರೆಕ್ಸಿನ್ ಅನ್ನುವುದು ಇದಕ್ಕೇ. ರೆಕ್ಸಿನ್ ಮೊದಲು ಇಂಗ್ಲೆಂಡಿನ ಒಂದು ಕಂಪನಿಯ ಬ್ರ್ಯಾಂಡ್ ಹೆಸರಾಗಿತ್ತು, ಆಮೇಲೆ ನಮ್ಮ ಮಾತಿನಲ್ಲಿ ಎಲ್ಲ ಕೃತಕ ಚರ್ಮಕ್ಕೂ ಅದೇ ಹೆಸರಾಯಿತು. ಎರಡನೆಯದು ಪಿಯು, ಅಂದರೆ ಪಾಲಿಯುರೆಥೇನ್ ಲೇಪಿಸಿದ ಬಟ್ಟೆ. ರೆಕ್ಸಿನ್‌ಗಿಂತ ಮೆದು, ಮುಟ್ಟಿದರೆ ಚರ್ಮಕ್ಕೆ ಹತ್ತಿರ. ಮೂರನೆಯದು ಮೈಕ್ರೋಫೈಬರ್ ಲೆದರ್. ಬಹಳ ಸಣ್ಣ ಕೃತಕ ಎಳೆಗಳನ್ನು ಒತ್ತಾಗಿ ಸೇರಿಸಿ ಅದರ ಮೇಲೆ ಪಿಯು ಹಚ್ಚಿರುತ್ತಾರೆ. ಕೃತಕಗಳಲ್ಲಿ ಗುರುತು ಹಿಡಿಯಲು ಕಷ್ಟವಾದದ್ದು ಇದು. ಚೆನ್ನಾಗಿ ಬಾಳುವುದೂ ಇದೇ.

ಜಿಪ್ ಬಿಚ್ಚಿ

ಎಲ್ಲ ಪರೀಕ್ಷೆಗಿಂತ ನಾನು ನಂಬುವುದು ಒಳಮೈಯನ್ನು. ಮೇಲ್ಮೈಯನ್ನು ಯಾರು ಬೇಕಾದರೂ ಚರ್ಮದಂತೆ ಮಾಡಬಹುದು. ಒಳಮೈಯನ್ನು ಹಾಗೆ ಮಾಡಲು ಯಾರೂ ಅಷ್ಟು ಕಷ್ಟಪಡುವುದಿಲ್ಲ. ಕುಶನ್ ಎತ್ತಿ, ಹಿಂಬದಿಯ ಜಿಪ್ ಬಿಚ್ಚಿ, ಹೊದಿಕೆಯ ಅಂಚನ್ನು ಮಡಚಿ ನೋಡಿ. ನಿಜವಾದ ಚರ್ಮದ ಒಳಗಡೆ ಸಣ್ಣ ಎಳೆಗಳ ಮೆತ್ತನೆಯ ಒರಟು ಇರುತ್ತದೆ. ಬೆರಳಿನಿಂದ ಸವರಿದರೆ ಎಳೆಗಳು ಅತ್ತಿತ್ತ ಬಾಗುತ್ತವೆ, ಸ್ಯೂಡ್ ಶೂ ಮುಟ್ಟಿದ ಹಾಗೆ. ಕೃತಕವಾದರೆ ನೇಯ್ದ ಅಥವಾ ಹೆಣೆದ ಬಟ್ಟೆಯ ಗೆರೆಗಳು ಅಚ್ಚುಕಟ್ಟಾಗಿ ಕಾಣುತ್ತವೆ. ಕತ್ತರಿಸಿದ ಅಂಚು ಸಿಕ್ಕಿದರೆ ಇನ್ನೂ ಒಳ್ಳೆಯದು. ಚರ್ಮದ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಎಳೆಗಳೇ ಇರುತ್ತವೆ. ಕೃತಕದಲ್ಲಿ ಮೇಲೆ ಪ್ಲಾಸ್ಟಿಕ್, ಕೆಳಗೆ ಬಟ್ಟೆ ಅಂತ ಎರಡು ಪದರ ಬೇರೆ ಬೇರೆಯಾಗಿ ಕಾಣುತ್ತವೆ.

ಎರಡು ಕಡೆ ಹುಷಾರಾಗಿರಬೇಕು. ಮೈಕ್ರೋಫೈಬರ್‌ನ ಒಳಮೈಯೂ ಸ್ಯೂಡ್‌ನಂತೆಯೇ ಇರುತ್ತದೆ. ಕೆಲವು ಬಾಂಡೆಡ್‌ನ ಹಿಂಬದಿಗೂ ಚರ್ಮದ ಪುಡಿ ಅಂಟಿಸಿರುತ್ತಾರೆ. ಮೈಕ್ರೋಫೈಬರ್‌ನ ಒಳಮೈ ಎಲ್ಲ ಕಡೆ ಒಂದೇ ಸಮನಾಗಿರುತ್ತದೆ, ಬಣ್ಣವೂ ಒಂದೇ. ಚರ್ಮದ ಒಳಮೈ ಒಂದು ಕಡೆ ನಯ, ಒಂದು ಕಡೆ ಒರಟು, ದಪ್ಪವೂ ಸ್ವಲ್ಪ ಹೆಚ್ಚು ಕಡಿಮೆ. ಬಾಂಡೆಡ್ ಆದರೆ ಉಗುರಿನಿಂದ ಕೆರೆದಾಗ ಪುಡಿ ಉದುರಿ ಕೆಳಗಿನ ಬಟ್ಟೆ ಕಾಣಬಹುದು. ಇನ್ನು ಜಿಪ್ಪೇ ಇಲ್ಲದ ಸೋಫಾ ಆದರೆ? ಅದನ್ನು ಮುಂದಕ್ಕೆ ಬಾಗಿಸಿ ತಳ ನೋಡಿ. ತಳಕ್ಕೆ ಸಾಮಾನ್ಯವಾಗಿ ತೆಳು ಕಪ್ಪು ಬಟ್ಟೆ ಹೊಡೆದಿರುತ್ತಾರೆ. ಅದರ ಅಂಚಿನಲ್ಲಿ ಹೊದಿಕೆಯನ್ನು ಪಿನ್ ಹೊಡೆದ ಜಾಗ ಸಿಗುತ್ತದೆ. ಅಂಗಡಿಯವರ ಒಪ್ಪಿಗೆ ಕೇಳಿಯೇ ಮಾಡಿ.

ಮೇಲ್ಮೈ ಎಷ್ಟು ನಿಜ ಹೇಳುತ್ತದೆ?

ಸ್ವಲ್ಪ ಮಾತ್ರ. ರಂಧ್ರಗಳ ಚಿತ್ತಾರವನ್ನು ಹತ್ತಿರದಿಂದ ನೋಡಿ. ಯಾವುದಾದರೂ ಒಂದು ವಿಶೇಷ ಗೆರೆ ಅಥವಾ ಆಕಾರ ಗುರುತಿಟ್ಟುಕೊಳ್ಳಿ. ಅದೇ ಆಕಾರ ಗೇಣು ದೂರದಲ್ಲೋ ಮೊಳ ದೂರದಲ್ಲೋ ಮತ್ತೆ ಬಂದರೆ ಅದು ಅಚ್ಚಿನ ಕೆಲಸ. ಆದರೆ ಅಚ್ಚು ಇದ್ದ ಮಾತ್ರಕ್ಕೆ ಚರ್ಮ ಅಲ್ಲ ಅನ್ನುವಂತಿಲ್ಲ, ಕರೆಕ್ಟೆಡ್ ಗ್ರೇನ್‌ಗೂ ಅಚ್ಚು ಒತ್ತಿರುತ್ತಾರೆ.

ಹೆಬ್ಬೆರಳಿನಿಂದ ಒತ್ತಿ ನೋಡುವುದು ಇನ್ನೊಂದು ದಾರಿ. ಚರ್ಮವಾದರೆ ಒತ್ತಿದ ಸುತ್ತ ಸಣ್ಣ ಸಣ್ಣ ಸುಕ್ಕುಗಳು ಹರಡುತ್ತವೆ. ಪ್ಲಾಸ್ಟಿಕ್ ಸುಮ್ನೆ ಗುಳಿ ಬಿದ್ದು ಮತ್ತೆ ಮೇಲೆ ಬರುತ್ತದೆ. ಬಿಗಿಯಾಗಿ ಎಳೆದು ಕೂರಿಸಿದ ಕಡೆ ಈ ಪರೀಕ್ಷೆ ನಡೆಯುವುದಿಲ್ಲ, ಕುಶನ್ ಮೇಲೆ ಮಾಡಿ.

ಹೊಲಿಗೆಯೂ ಒಂದು ಸುಳಿವು. ಒಂದು ದನದ ಇಡೀ ಚರ್ಮ ನಾಲ್ಕೂವರೆ, ಐದು ಚದರ ಮೀಟರ್ ಇರಬಹುದು. ಅದರ ಆಕಾರ ನೆಟ್ಟಗಿಲ್ಲ, ಹೊಟ್ಟೆಯ ಭಾಗ ಸಡಿಲ, ಕಲೆ ಇದ್ದ ಕಡೆ ಬಿಡಬೇಕು. ಮೂರು ಜನ ಕೂರುವ ಸೋಫಾಕ್ಕೆ ಹಲವು ಚರ್ಮ ಬೇಕಾಗುತ್ತದೆ. ಹಾಗಾಗಿ ಲೆದರ್ ಸೋಫಾದ ದೊಡ್ಡ ಭಾಗಗಳಲ್ಲಿ ಜೋಡಣೆಯ ಹೊಲಿಗೆ ಜಾಸ್ತಿ ಇರುವುದು ಸಹಜ. ಕೃತಕ ಬರುವುದು ಥಾನಿನಲ್ಲಿ, ಎಷ್ಟು ಉದ್ದ ಬೇಕಾದರೂ ಕತ್ತರಿಸಬಹುದು. ಉದ್ದನೆಯ ಬೆನ್ನಿನ ಭಾಗ ಒಂದೂ ಹೊಲಿಗೆ ಇಲ್ಲದೆ ಇದ್ದರೆ ಅನುಮಾನಪಡಿ. ಅದೊಂದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ.

ವಾಸನೆಯನ್ನು ನಾನು ಪಟ್ಟಿಯಿಂದಲೇ ತೆಗೆದಿದ್ದೇನೆ. ಚರ್ಮದ ವಾಸನೆ ಬರಿಸುವ ದ್ರವಗಳು ಸಿಗುತ್ತವೆ. ಬಾಂಡೆಡ್‌ನಲ್ಲಿ ಇರುವ ಪುಡಿಯೇ ಸಾಕು, ಚೆನ್ನಾಗಿ ವಾಸನೆ ಬರುತ್ತದೆ. ನಮ್ಮ ಸೋಫಾ ಘಮಘಮ ಅನ್ನುತ್ತಿದ್ದುದು ಅದಕ್ಕೇ. ಹಾಗೆಯೇ ಒಳ್ಳೆಯ ಲೆದರ್‌ಗೂ ದಪ್ಪ ಬಣ್ಣ ಕೊಟ್ಟಿದ್ದರೆ ವಾಸನೆ ಅಷ್ಟಾಗಿ ಬರುವುದಿಲ್ಲ.

ನೀರಿನ ಹನಿಯ ಪರೀಕ್ಷೆ ಬಹಳ ಜನ ಹೇಳುತ್ತಾರೆ. ಚರ್ಮವಾದರೆ ನೀರು ಹೀರುತ್ತದೆ, ಪ್ಲಾಸ್ಟಿಕ್ ಆದರೆ ನಿಲ್ಲುತ್ತದೆ ಅಂತ. ಅದು ಅರ್ಧ ನಿಜ. ಬರೀ ಬಣ್ಣದ ದ್ರವ ಕುಡಿಸಿ, ಮೇಲೆ ಲೇಪ ಹಾಕದ ಅನಿಲೀನ್ ಲೆದರ್ ಮಾತ್ರ ನೀರು ಹೀರುತ್ತದೆ. ಮನೆಯ ಸೋಫಾಗಳಿಗೆ ಹೆಚ್ಚಾಗಿ ಬಳಸುವುದು ಮೇಲೆ ಬಣ್ಣದ ಲೇಪ ಇರುವ ಪಿಗ್ಮೆಂಟೆಡ್ ಲೆದರ್. ಅದರ ಮೇಲೆ ಹನಿ ಹಾಗೇ ಕೂತಿರುತ್ತದೆ. ಅದನ್ನು ನೋಡಿ ಒಳ್ಳೆಯ ಸೋಫಾವನ್ನು ಕೈಬಿಟ್ಟವರನ್ನು ನಾನು ಕಂಡಿದ್ದೇನೆ.

ಬೆಂಕಿ ತಾಗಿಸುವ ಪರೀಕ್ಷೆಯನ್ನಂತೂ ಅಂಗಡಿಯಲ್ಲೂ ಬೇಡ, ಮನೆಯಲ್ಲೂ ಬೇಡ. ಚರ್ಮ ಕೂದಲು ಸುಟ್ಟ ವಾಸನೆ ಬಂದು ಕರಕಲಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ ಅನ್ನುವುದು ಸರಿ. ಆದರೆ ಪಿವಿಸಿ ಸುಟ್ಟಾಗ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಶ್ವಾಸಕ್ಕೆ ಕೆಟ್ಟದ್ದು. ಜಿಪ್ ಬಿಚ್ಚಿ ನೋಡಿದರೆ ತಿಳಿಯುವುದಕ್ಕೆ ಬೆಂಕಿ ಯಾಕೆ?

ಮುಂದೆ ಲೆದರ್, ಹಿಂದೆ ರೆಕ್ಸಿನ್

ತಿಳಿದವರೂ ಎಡವುವುದು ಇಲ್ಲಿ. ಲೆದರ್ ಮ್ಯಾಚ್ ಅನ್ನುವ ಸೋಫಾಗಳಿವೆ. ನೀವು ಕೂರುವ, ಒರಗುವ, ಕೈಯಿಡುವ ಜಾಗಗಳಿಗೆ ನಿಜವಾದ ಚರ್ಮ. ಹಿಂಬದಿ, ಹೊರಬದಿ, ಕುಶನ್ನಿನ ಅಡಿಭಾಗಕ್ಕೆ ಅದೇ ಬಣ್ಣದ ಪಿವಿಸಿ ಅಥವಾ ಪಿಯು. ಇದು ಮೋಸವಲ್ಲ, ಹಾಗೆಂದು ಹೇಳಿ ಮಾರಿದರೆ. ಗೋಡೆಗೆ ತಾಗಿ ನಿಲ್ಲುವ ಸೋಫಾದ ಬೆನ್ನಿಗೆ ಒಳ್ಳೆಯ ಚರ್ಮ ಯಾಕೆ ಬೇಕು ಅನ್ನುವ ಮಾತಿನಲ್ಲಿ ನ್ಯಾಯವಿದೆ. ನಾನೇ ಇಬ್ಬರಿಗೆ ಇಂಥದ್ದನ್ನು ಕೊಳ್ಳಲು ಹೇಳಿದ್ದೇನೆ.

ತೊಂದರೆ ಬರುವುದು ಇದನ್ನು ಪೂರ್ತಿ ಲೆದರ್ ಅಂತ ಮಾರಿದಾಗ. ಇನ್ನೊಂದು ತೊಂದರೆ ಕೆಲವು ವರ್ಷಗಳ ಮೇಲೆ ಬರುತ್ತದೆ. ಎರಡು ವಸ್ತುಗಳು ಒಂದೇ ರೀತಿ ಹಳೆಯದಾಗುವುದಿಲ್ಲ. ಚರ್ಮದ ಬಣ್ಣ ಒಂದು ರೀತಿ ಬದಲಾಗುತ್ತದೆ, ಪ್ಲಾಸ್ಟಿಕ್‌ನ ಬಣ್ಣ ಇನ್ನೊಂದು ರೀತಿ. ಕೋಣೆಯ ನಡುವೆ, ನಾಲ್ಕೂ ಕಡೆಯಿಂದ ಕಾಣುವಂತೆ ಸೋಫಾ ಇಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಸೀಟು ಮಾತ್ರ ಮುಟ್ಟಿ ನೋಡಬೇಡಿ. ಬೆನ್ನಿನ ಹಿಂಬದಿ, ಕೈಯ ಹೊರಬದಿ, ಕಾಲಿನ ಹತ್ತಿರ, ಕುಶನ್ನಿನ ಅಡಿ, ಎಲ್ಲ ಕಡೆ ಮುಟ್ಟಿ. ಕೈಗೆ ತಂಪು, ಬಿಗಿ ಬೇರೆ ಬೇರೆ ಅನ್ನಿಸಿದರೆ ಅಲ್ಲೇ ನಿಂತು ಕೇಳಿ.

ಹೆಸರುಗಳ ವಿಷಯ

ಲೆದರೆಟ್, ಫಾಕ್ಸ್ ಲೆದರ್, ಪಿಯು ಲೆದರ್, ವೀಗನ್ ಲೆದರ್, ಆರ್ಟಿಫಿಷಿಯಲ್ ಲೆದರ್ ಎಲ್ಲ ಕೃತಕ. ಬ್ಲೆಂಡೆಡ್, ರೀಕನ್ಸ್ಟಿಟ್ಯೂಟೆಡ್ ಅಂತ ಕಂಡರೆ ಬಾಂಡೆಡ್ ಇರಬಹುದು ಅಂತ ತಿಳಿಯಿರಿ. ಹೆಸರಿನ ಈ ಗೊಂದಲ ಹೊಸದಲ್ಲ. ಚರ್ಮವಲ್ಲದ ವಸ್ತುವಿಗೆ ಚರ್ಮ ಅನ್ನುವ ಹೆಸರಿಟ್ಟು ಮಾರಬಾರದು ಅಂತ ಬ್ರೆಜಿಲ್ 1965ರಲ್ಲೇ ಕಾನೂನು ತಂದಿತು. ಇಟಲಿ 2020ರಲ್ಲಿ ಇಂಥದ್ದೇ ನಿಯಮ ಮಾಡಿತು. ಯುರೋಪಿನ ಇಎನ್ 15987 ಅನ್ನುವ ಮಾನದಂಡ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ಪ್ರಕಾರ ಮೇಲಿನ ಲೇಪ 0.15 ಮಿಲಿಮೀಟರ್ ಮೀರಿದರೆ ಅದನ್ನು ಬರೀ "ಲೆದರ್" ಅನ್ನುವಂತಿಲ್ಲ. ಈ ಅಳತೆ ನನಗೆ ಬಹಳ ಸರಿ ಕಾಣುತ್ತದೆ. ನಾವು ದಿನಾ ಮುಟ್ಟುವುದು ಪ್ಲಾಸ್ಟಿಕ್ಕನ್ನಾದರೆ ಅದರ ಕೆಳಗೆ ಚರ್ಮ ಇದ್ದೂ ಏನು ಬಂತು?

ಯಾವುದು ಹೇಗೆ ಹಾಳಾಗುತ್ತದೆ

ಕೊಳ್ಳುವ ದಿನ ಎಲ್ಲವೂ ಚೆಂದ. ಹಳೆಯದಾದಾಗ ಹೇಗಿರುತ್ತದೆ ಅನ್ನುವುದರ ಮೇಲೆ ಆರಿಸಬೇಕು.

ಪಿಯುಗೆ ದೊಡ್ಡ ಶತ್ರು ಗಾಳಿಯ ತೇವ ಮತ್ತು ಶಾಖ. ಎರಡೂ ಸೇರಿ ಪಾಲಿಯುರೆಥೇನ್‌ನ ಅಣುಗಳ ಸರಪಳಿಯನ್ನು ನಿಧಾನವಾಗಿ ಕಡಿಯುತ್ತವೆ. ಇದಕ್ಕೆ ಹೈಡ್ರಾಲಿಸಿಸ್ ಅನ್ನುತ್ತಾರೆ. ಮೊದಲು ಮೇಲ್ಮೈ ಅಂಟಂಟು, ಆಮೇಲೆ ಬಿರುಕು, ಆಮೇಲೆ ಸಿಪ್ಪೆ. ಸೋಫಾ ಬಳಸದೆ ಸುಮ್ನೆ ಇಟ್ಟರೂ ಈ ಕೆಲಸ ನಡೆಯುತ್ತಲೇ ಇರುತ್ತದೆ. ಹಾಗಾಗಿ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಹಳೆಯ ಮಾಲನ್ನು ರಿಯಾಯಿತಿಗೆ ಕೊಟ್ಟರೆ ನಾನು ಒಪ್ಪುವುದಿಲ್ಲ, ತಯಾರಾದ ವರ್ಷ ಕೇಳುತ್ತೇನೆ. ಎಲ್ಲ ಪಿಯು ಒಂದೇ ಅಲ್ಲ. ಪಾಲಿಕಾರ್ಬೊನೇಟ್ ಆಧಾರದ್ದು ತೇವವನ್ನು ಚೆನ್ನಾಗಿ ತಡೆಯುತ್ತದೆ, ಪಾಲಿಯೆಸ್ಟರ್ ಆಧಾರದ್ದು ಬೇಗ ಸೋಲುತ್ತದೆ. ಒಳ್ಳೆಯ ತಯಾರಕರು ತಮ್ಮ ವಸ್ತುವನ್ನು 70 ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 95 ತೇವದಲ್ಲಿ ವಾರಗಟ್ಟಲೆ ಇಟ್ಟು ನೋಡಿರುತ್ತಾರೆ. "ಹೈಡ್ರಾಲಿಸಿಸ್ ಟೆಸ್ಟ್ ಎಷ್ಟು ವಾರದ್ದು?" ಅಂತ ಕೇಳಿ. ಉತ್ತರ ಗೊತ್ತಿರುವವರು ಸಿಕ್ಕರೆ ಅವರ ಕೃತಕ ಸೋಫಾವನ್ನೂ ನಂಬಬಹುದು.

ರೆಕ್ಸಿನ್ ತೇವಕ್ಕೆ ಹೆದರುವುದಿಲ್ಲ. ಅದರ ಸಮಸ್ಯೆ ಬೇರೆ. ಪಿವಿಸಿ ಮೆತ್ತಗಿರುವುದು ಅದರಲ್ಲಿ ಬೆರೆಸಿದ ಪ್ಲಾಸ್ಟಿಸೈಸರ್‌ನಿಂದ. ವರ್ಷ ಕಳೆದಂತೆ ಅದು ಹೊರಗೆ ಹೋಗಿ, ವಸ್ತು ಗಡುಸಾಗಿ, ಮಡಿಕೆ ಬೀಳುವ ಕಡೆ ಬಿರಿಯುತ್ತದೆ. ಬಿಸಿಲು ಇದನ್ನು ಬೇಗ ಮಾಡುತ್ತದೆ. ಸೆಕೆಯಲ್ಲಿ ಮೈಗೆ ಅಂಟುವುದು ಇನ್ನೊಂದು ಕಿರಿಕಿರಿ.

ಚರ್ಮಕ್ಕೂ ಸಾವಿಲ್ಲ ಅಂತೇನಿಲ್ಲ. ತಲೆಯ ಎಣ್ಣೆ, ಬೆವರು ತಾಗುವ ಕಡೆ ಮೇಲಿನ ಬಣ್ಣದ ಲೇಪ ಮೆತ್ತಗಾಗಿ ಕಿತ್ತು ಬರಬಹುದು. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ, ಚರ್ಮ ಒಣಗಿ ಬಿರಿಯುತ್ತದೆ. ಕೂರುವ ಜಾಗ ಸ್ವಲ್ಪ ಹಿಗ್ಗಿ ಸುಕ್ಕಾಗುತ್ತದೆ, ಅದು ದೋಷವಲ್ಲ. ತುಂಬಾ ತೇವದ ಕೋಣೆಯಲ್ಲಿ ಬೂಸು ಹಿಡಿಯುತ್ತದೆ. ಆದರೆ ಚರ್ಮದಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಲೇಪ. ಚರ್ಮ ಪೂರ್ತಿ ಒಣಗಿ ಬಿರಿಯದಿದ್ದರೆ ಕೆಳಗಿನ ಎಳೆಗಳು ಗಟ್ಟಿಯಾಗಿಯೇ ಇರುತ್ತವೆ. ಶುಚಿ ಮಾಡಿ, ಮತ್ತೆ ಬಣ್ಣ ಕೊಡಿಸಿದರೆ ಅದೇ ಸೋಫಾ ಇನ್ನಷ್ಟು ವರ್ಷ ಬಾಳುತ್ತದೆ. ಸಿಪ್ಪೆ ಎದ್ದ ಬಾಂಡೆಡ್ ಅಥವಾ ಪಿಯುಗೆ ಇಂಥ ರಿಪೇರಿ ಇಲ್ಲ. ಒಂದು ಕಡೆ ಅಂಟಿಸಿದರೆ ಪಕ್ಕದಲ್ಲಿ ಏಳುತ್ತದೆ. ನಾವು ಬಣ್ಣ, ಅಂಟು, ತೇಪೆ ಎಲ್ಲ ಮಾಡಿ ನೋಡಿದೆವು. ಕೊನೆಗೆ ಹೊದಿಕೆಯನ್ನೇ ಬದಲಾಯಿಸಬೇಕಾಯಿತು.

ಹಾಗಾದರೆ ಯಾರಿಗೆ ಯಾವುದು

ಹತ್ತು, ಹದಿನೈದು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದು, ಕೈಯಲ್ಲಿ ದುಡ್ಡೂ ಇದ್ದರೆ ಪಿಗ್ಮೆಂಟೆಡ್ ಟಾಪ್ ಗ್ರೇನ್ ತೆಗೆದುಕೊಳ್ಳಿ. ಮಕ್ಕಳಿರುವ ಮನೆಗೂ ಇದೇ ಸರಿ, ಏನಾದರೂ ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಅನಿಲೀನ್ ಲೆದರ್ ಮುಟ್ಟಲು ಸ್ವರ್ಗ. ಆದರೆ ಒಂದು ಹನಿ ಎಣ್ಣೆ ಬಿದ್ದರೂ ಕಲೆ ಉಳಿಯುತ್ತದೆ. ಅದರ ಕಲೆಗಳನ್ನೂ ಪ್ರೀತಿಸುವವರಿಗೆ ಮಾತ್ರ ಅದು.

ಪ್ರಾಣಿಯ ಚರ್ಮ ಬೇಡ ಅನ್ನುವವರು, ಬೆಕ್ಕು ಸಾಕಿದವರು ಮೈಕ್ರೋಫೈಬರ್ ನೋಡಿ. ಉಗುರಿನ ಗೀರು ಅದರ ಮೇಲೆ ಚರ್ಮದಷ್ಟು ಎದ್ದು ಕಾಣುವುದಿಲ್ಲ. ನಾಲ್ಕೈದು ವರ್ಷದಲ್ಲಿ ಮನೆ ಬದಲಿಸುವವರಿಗೆ ಒಳ್ಳೆಯ ಪಿಯು ಅಥವಾ ರೆಕ್ಸಿನ್ ಸಾಕು, ನಾಚಿಕೆ ಪಡಬೇಕಾದ ಆಯ್ಕೆ ಅಲ್ಲ ಅದು. ದುಡ್ಡು ಸೀಮಿತವಾಗಿದ್ದು ಲೆದರ್ರೇ ಬೇಕು ಅಂದರೆ ಲೆದರ್ ಮ್ಯಾಚ್ ಆರಿಸಿ, ಅಥವಾ ಮೂರು ಸೀಟಿನ ಬದಲು ಎರಡು ಸೀಟಿನ ಪೂರ್ತಿ ಲೆದರ್ ತೆಗೆದುಕೊಳ್ಳಿ. "ಲೆದರ್ ಬೆಲೆಗಿಂತ ಬಹಳ ಕಡಿಮೆ, ಆದರೂ ಲೆದರ್" ಅನ್ನುವ ಬಾಂಡೆಡ್ ಕಡೆ ಹೋಗಬೇಡಿ. ಅದೇ ದುಡ್ಡಿಗೆ ಸಿಗುವ ಒಳ್ಳೆಯ ದಪ್ಪ ಬಟ್ಟೆಯ ಸೋಫಾ ಅದಕ್ಕಿಂತ ಎಷ್ಟೋ ಮೇಲು.

ದುಡ್ಡು ಕೊಡುವ ಮೊದಲು

ನಿಮ್ಮ ಸೋಫಾಕ್ಕೆ ಬಳಸುವ ವಸ್ತುವಿನ ಅಂಗೈಯಗಲದ ತುಂಡು ಕೇಳಿ. ಬಹಳಷ್ಟು ಕಡೆ ಮಾದರಿ ತುಂಡುಗಳಿರುತ್ತವೆ. ಮನೆಗೆ ತಂದು ಮಡಚಿ, ಎಳೆದು, ಒದ್ದೆ ಮಾಡಿ, ಅಂಚು ಕೆರೆದು ನೋಡಿ. ಸೋಫಾದ ಮೇಲೆ ಮಾಡಲಾಗದ್ದನ್ನೆಲ್ಲ ಅದರ ಮೇಲೆ ಮಾಡಬಹುದು.

ಆಮೇಲೆ ಬಿಲ್ಲು. "ಲೆದರ್ ಸೋಫಾ" ಅನ್ನುವ ಎರಡು ಪದ ಸಾಲದು. ಸೀಟು, ಬೆನ್ನು, ಕೈ, ಹಿಂಬದಿ, ಹೊರಬದಿ ಯಾವುದಕ್ಕೆ ಏನು ಅಂತ ಬೇರೆ ಬೇರೆಯಾಗಿ ಬರೆಸಿ. ಟಾಪ್ ಗ್ರೇನಾ, ಸ್ಪ್ಲಿಟ್ಟಾ ಅನ್ನುವುದೂ ಇರಲಿ. ವಾರಂಟಿ ಕಾಗದದಲ್ಲಿ ಒಳಗಿನ ಮರದ ಚೌಕಟ್ಟಿಗೆ ಎಷ್ಟು ವರ್ಷ, ಹೊದಿಕೆಗೆ ಎಷ್ಟು ವರ್ಷ ಅಂತ ಬೇರೆಯಾಗಿ ಓದಿ. ಚೌಕಟ್ಟಿಗೆ ಹತ್ತು ವರ್ಷ ಕೊಟ್ಟು ಹೊದಿಕೆಗೆ ಒಂದೇ ವರ್ಷ ಕೊಟ್ಟಿದ್ದರೆ, ಹೊದಿಕೆಯ ಬಗ್ಗೆ ಅವರಿಗೇ ಎಷ್ಟು ನಂಬಿಕೆ ಇದೆ ಅಂತ ತಿಳಿಯುತ್ತದೆ. "ಸಿಪ್ಪೆ ಏಳುವುದು" ವಾರಂಟಿಯಲ್ಲಿ ಸೇರಿದೆಯೋ ಇಲ್ಲವೋ ಅಂತಲೂ ನೋಡಿ. ನಮ್ಮ ಕಾಗದದಲ್ಲಿ ಅದನ್ನು ಸವೆತ ಅಂತ ಕರೆದು ಹೊರಗಿಟ್ಟಿದ್ದರು.

ಸೋಫಾ ಮನೆಗೆ ಬಂದ ದಿನ, ತಂದವರು ಇನ್ನೂ ಬಾಗಿಲಲ್ಲಿ ಇರುವಾಗಲೇ ಒಂದು ಕುಶನ್ನಿನ ಜಿಪ್ ಬಿಚ್ಚಿ, ನಿಮ್ಮ ಕೈಯಲ್ಲಿರುವ ತುಂಡಿನ ಹಿಂಬದಿಯ ಜೊತೆ ಇಟ್ಟು ನೋಡಿ. ಬೇರೆ ಬೇರೆ ಕಂಡರೆ ಸಹಿ ಹಾಕಬೇಡಿ. ಒಂದೇ ಇದ್ದರೆ ಆ ತುಂಡನ್ನು ಬಿಲ್ಲಿನ ಜೊತೆ ಎತ್ತಿಡಿ. ಮುಂದೆ ಬಣ್ಣ ಕೊಡಿಸುವಾಗ ಹೊಂದಿಸಿ ನೋಡಲು ಅದು ಬೇಕಾಗುತ್ತದೆ.